ಐತಾಳರ ಮನೆಯ ತಲೆಎಣಿಕೆ

ಊರು ಬಿಟ್ಟು ಬಂದ ನಮ್ಮಂಥವರ ನಡುವೆ ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ಯ ಮಾತು ಬಂದರೆ ಎಲ್ಲರ ಕಣ್ಣೂ ಮೊಮ್ಮಗ ರಾಮನ ಮೇಲೆ. ಮದ್ರಾಸಿನಲ್ಲಿ ಓದಿ, ಮುಂಬಯಿಯಲ್ಲಿ ಕೆಲಸಕ್ಕಾಗಿ ಅಲೆದು, ಕೊನೆಗೆ ಕಡಲ ಕರೆಯ ಮನೆಗೆ ಹಿಂತಿರುಗುವವನು ಅವನು. ಗಚ್ಚಿಬೌಲಿಯ ಹದಿನೇಳನೆಯ ಮಹಡಿಯಲ್ಲಿ ಕೂತು ಆ ಪುಟಗಳನ್ನು ಓದಿದರೆ ಗಂಟಲು ಕಟ್ಟುವುದು ಸಹಜ. ಆದರೆ ಹಿಂತಿರುಗಲು ಮನೆಯೊಂದು ಉಳಿದಿರಬೇಕಲ್ಲ, ಅದನ್ನು ಉಳಿಸಿದವರು ಯಾರು?

ಪ್ರಾಜೆಕ್ಟುಗಳಲ್ಲಿ ನಾವು ಮಾಡುವಂತೆ ಆ ಮನೆಯ ತಲೆ ಎಣಿಸೋಣ. ರಾಮ ಐತಾಳರ ಹೆಂಡತಿ ಪಾರೋತಿಗೆ ಮಕ್ಕಳಿಲ್ಲ. ಒಡಹುಟ್ಟಿದ ಸರಸೋತಿ ವಿಧವೆ. ವಂಶ ನಿಲ್ಲಬಾರದೆಂದು ಐತಾಳರು ಸತ್ಯಭಾಮೆಯನ್ನು ತರುತ್ತಾರೆ, ಲಚ್ಚ ಹುಟ್ಟುತ್ತಾನೆ. ಗಂಡಸಿಗೆ ಮರುಮದುವೆ, ಹೆಂಗಸಿಗೆ ಇಲ್ಲ: ಒಂದು ಸಮಾಜ ಎಷ್ಟು ಬೆಳೆಯಬೇಕು, ಯಾರ ಹೊಟ್ಟೆಯಿಂದ ಬೆಳೆಯಬೇಕು ಎಂಬುದನ್ನು ಇಂಥ ಕಟ್ಟಳೆಯೇ ತೀರ್ಮಾನಿಸುತ್ತಿತ್ತು. ಮುಂದೆ ಲಚ್ಚ ಹೊರಗಿಂದ ತಂದ ಕಾಯಿಲೆ ನಾಗವೇಣಿಗೂ ತಗಲುತ್ತದೆ. ಹೆತ್ತ ಕೂಸುಗಳು ಉಳಿಯುವುದಿಲ್ಲ, ದಕ್ಕಿದವನು ರಾಮನೊಬ್ಬ. ಆ ಕಾಲವೂ ಹಾಗೆಯೇ ಇತ್ತು. 1911ರಿಂದ 1921ರ ನಡುವೆ ದೇಶದ ಜನಸಂಖ್ಯೆಯೇ ತುಸು ಕುಗ್ಗಿತ್ತು. ಮೂರು ತಲೆಮಾರಿನ ಕಥೆಯಲ್ಲಿ ವಂಶದ ಎಳೆ ಹೆಚ್ಚುಕಡಿಮೆ ಒಂದೇ.

ಇನ್ನು ದುಡಿಮೆ. ಗದ್ದೆ, ಕೊಟ್ಟಿಗೆ, ಅಡುಗೆಮನೆ ಮೂರನ್ನೂ ಹೊತ್ತವರು ಮಕ್ಕಳಿಲ್ಲದ ಪಾರೋತಿ, ಸರಸೋತಿ. ವಂಶಾವಳಿಯಲ್ಲಿ ಇವರಿಗೆ ಜಾಗವಿಲ್ಲ, ಆದರೂ ವಂಶ ನಿಂತದ್ದು ಇವರ ಬೆನ್ನ ಮೇಲೆ. ಕಾರಂತರ ದೊಡ್ಡತನ ಇದನ್ನು ಭಾಷಣ ಮಾಡದೆ ತೋರಿಸಿದ್ದರಲ್ಲಿದೆ. ನನ್ನ ತಕರಾರೂ ಅಲ್ಲೇ ಇದೆ. ಕಾದಂಬರಿಯ ಕೊನೆಯ ಭಾಗದ ಭಾರವೆಲ್ಲ ಮರಳಿ ಬಂದ ಗಂಡುಮಗನ ಕಡೆ ವಾಲುತ್ತದೆ, ಮಣ್ಣನ್ನು ಬಿಡದೇ ಇದ್ದ ಹೆಂಗಸರು ಹಿನ್ನೆಲೆಗೆ ಸರಿಯುತ್ತಾರೆ. ನಾವು ಓದುಗರು ಆ ವಾಲಿಕೆಯನ್ನು ಇನ್ನಷ್ಟು ಹೆಚ್ಚಿಸಿದ್ದೇವೆ.

ಇದು ಹಳೆಯ ಕಥೆ ಎನ್ನುವಂತಿಲ್ಲ. ಕುಟುಂಬ ಯೋಜನೆಯಲ್ಲಿ ಮೈಸೂರು ಸಂಸ್ಥಾನ ದೇಶಕ್ಕೇ ಮೊದಲು. 1930ರಲ್ಲೇ ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭನಿರೋಧಕ್ಕೆ ಕ್ಲಿನಿಕ್ ತೆರೆಯಲು ಆದೇಶವಾಗಿತ್ತು. 2019–21ರ ಕುಟುಂಬ ಆರೋಗ್ಯ ಸಮೀಕ್ಷೆಯ ಹೊತ್ತಿಗೆ ಹೆಣ್ಣಿಗೆ ಸರಾಸರಿ ಮಕ್ಕಳು ಕರ್ನಾಟಕದಲ್ಲಿ 1.7, ತೆಲಂಗಾಣದಲ್ಲಿ 1.8. ಆದರೆ ಅದೇ ಸಮೀಕ್ಷೆಯಲ್ಲಿ ಕರ್ನಾಟಕದ ಮದುವೆಯಾದ ಹೆಂಗಸರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು. ಗಂಡಂದಿರಲ್ಲಿ ನೂರಕ್ಕೆ ಒಬ್ಬನೂ ಇಲ್ಲ. ಸಂಖ್ಯೆ ಇಳಿಯಿತು, ಯಾರ ಮೈ ಎಂಬುದು ಬದಲಾಗಲಿಲ್ಲ.

ಈಗ ಗಾಳಿ ತಿರುಗಿದೆ. ಮೂರನೆಯ ಮಗುವಿದ್ದವರು ಸ್ಥಳೀಯ ಚುನಾವಣೆಗೆ ನಿಲ್ಲುವಂತಿಲ್ಲ ಎಂದಿದ್ದ ಆಂಧ್ರ, 2024ರ ನವೆಂಬರಿನಲ್ಲಿ ಆ ಕಟ್ಟಳೆ ತೆಗೆಯಲು ಮಸೂದೆ ಪಾಸು ಮಾಡಿತು. ಲೋಕಸಭೆಯ ಸೀಟು ಕಡಿಮೆಯಾಗುತ್ತದೆ, ಮುದುಕರು ಹೆಚ್ಚುತ್ತಾರೆ, ಇನ್ನಷ್ಟು ಹೆರಿ ಎನ್ನುತ್ತಾರೆ ನಾಯಕರು. ಸೀಟಿನ ಭಯ ಸುಳ್ಳಲ್ಲ. ಆದರೆ ಐತಾಳರ ಮನೆಯಲ್ಲಿ ಕೂಲಿಯಿಲ್ಲದೆ ದುಡಿಯಲು ಇಬ್ಬರಿದ್ದರು. ನಮ್ಮ ಫ್ಲಾಟುಗಳಲ್ಲಿ ಆ ಜಾಗಕ್ಕೆ ಹುಬ್ಬಳ್ಳಿಯಿಂದಲೋ ಕುಂದಾಪುರದಿಂದಲೋ ಬಸ್ಸು ಹತ್ತಿಸಿ ಕರೆಸಿಕೊಂಡ ಅಮ್ಮ ಇದ್ದಾಳೆ, ಸಂಬಳದ ಆಯಾ ಇದ್ದಾಳೆ, ಇಲ್ಲವೇ ರಾತ್ರಿ ಹತ್ತರ ಕಾಲ್ ಮುಗಿಸಿ ಮಗುವಿಗೆ ಹಾಲು ಬಿಸಿ ಮಾಡುವ ಹೆಂಡತಿ. ಎರಡನೆಯದು ಯಾವಾಗ ಎಂದು ಕೇಳುವ ನೆಂಟರು ಗಂಡನ ಕಡೆ ತಿರುಗಿ ಕೇಳಿದ್ದನ್ನು ನಾನಂತೂ ನೋಡಿಲ್ಲ.