ಹಳೆಯ ಬೇಸಿಕ್, ಹೊಸ ಬೇಸಿಕ್: ಅರ್ಥಭೇದದ ಒಂದು ವಿಮರ್ಶೆ

ಹಳಗನ್ನಡ ಕಾವ್ಯವನ್ನು ಮೊದಲ ಬಾರಿಗೆ ಕೈಗೆತ್ತಿಕೊಂಡ ವಿದ್ಯಾರ್ಥಿಯು ಅಪರಿಚಿತ ಶಬ್ದಗಳಿಗೆ ನಿಘಂಟನ್ನು ನೋಡುತ್ತಾನೆ. ಆದಕಾರಣ ಅಲ್ಲಿ ತಪ್ಪುವ ಸಂಭವ ಕಡಮೆ. ಅವನು ಎಡವುವುದು ಪರಿಚಿತವೆಂದು ತೋರುವ ಶಬ್ದಗಳಲ್ಲಿ. ‘ಅವಸರ’ ಎಂಬುದನ್ನು ಕಂಡೊಡನೆ ಆತುರವೆಂದು ಅರ್ಥಮಾಡಿ ಮುಂದೆ ಸಾಗುವನು. ಸಮಯ, ಸಂದರ್ಭ ಎಂಬ ಪ್ರಾಚೀನಾರ್ಥವು ಅವನ ಗಮನಕ್ಕೆ ಬಾರದು. ಕಂಪ್ಯೂಟರಿನ ಭಾಷೆಗಳಲ್ಲಿಯೂ ಇಂಥ ಪ್ರಸಂಗವುಂಟು. ಹಳೆಯ ವಿಷುಯಲ್ ಬೇಸಿಕ್‌ನಲ್ಲಿ ಬರೆದ ಡೆಸ್ಕ್‌ಟಾಪ್ ಪ್ರೋಗ್ರಾಮುಗಳನ್ನು ನವೀನ ಬೇಸಿಕ್ ಭಾಷೆಯೊಂದಕ್ಕೆ ಸಾಗಿಸಬೇಕೆನ್ನುವವರು, ಎರಡೂ ಬೇಸಿಕ್ಕೇ ಆದುದರಿಂದ ಕೆಲಸವು ಸುಲಭವೆಂದು ಹೇಳುವುದುಂಟು. ಈ ವಾದವನ್ನು ಪರೀಕ್ಷಿಸುವುದು ಪ್ರಕೃತ ಲೇಖನದ ಉದ್ದೇಶ.

ಬೇಸಿಕ್ ಭಾಷೆಯು 1964ರ ಮೇ 1ರಂದು ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ ಬಳಕೆಗೆ ಬಂದಿತು. ಜಾನ್ ಕೆಮೆನಿ ಮತ್ತು ಥಾಮಸ್ ಕರ್ಟ್ಸ್ ಎಂಬ ಗಣಿತದ ಅಧ್ಯಾಪಕರಿಬ್ಬರು, ವಿಜ್ಞಾನವನ್ನು ಓದದ ವಿದ್ಯಾರ್ಥಿಗಳೂ ಕಂಪ್ಯೂಟರನ್ನು ಬಳಸುವಂತಾಗಲೆಂದು ಇದನ್ನು ರಚಿಸಿದರು. ಭಾಷೆಯು ಹರಡಿದಂತೆಲ್ಲ ಒಂದೊಂದು ಯಂತ್ರಕ್ಕೆ ಒಂದೊಂದು ಉಪಭಾಷೆ ಹುಟ್ಟಿಕೊಂಡಿತು. ಅಮೆರಿಕದಲ್ಲಿ 1978ರಲ್ಲಿ ಕನಿಷ್ಠ ಬೇಸಿಕ್‌ಗೂ 1987ರಲ್ಲಿ ಪೂರ್ಣ ಬೇಸಿಕ್‌ಗೂ ಮಾನಕಗಳು ಸಿದ್ಧವಾದರೂ ಜನಬಳಕೆಯು ಅವನ್ನು ಅನುಸರಿಸಲಿಲ್ಲ. 1991ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯು ವಿಷುಯಲ್ ಬೇಸಿಕ್ಕನ್ನು ಹೊರತಂದಿತು. ಪರದೆಯ ಮೇಲೆ ಗುಂಡಿ, ಪಟ್ಟಿ, ಪೆಟ್ಟಿಗೆಗಳನ್ನು ಎಳೆದಿಟ್ಟು, ಗುಂಡಿಯನ್ನು ಒತ್ತಿದಾಗ ಆಗಬೇಕಾದ ಕೆಲಸವನ್ನು ನಾಲ್ಕು ಸಾಲಿನಲ್ಲಿ ಬರೆದರೆ ಪ್ರೋಗ್ರಾಂ ಸಿದ್ಧವಾಗುತ್ತಿತ್ತು. ಇದರ ಆರನೆಯ ಆವೃತ್ತಿ 1998ರಲ್ಲಿ ಬಂದಿತು. 2002ರಲ್ಲಿ ಅದೇ ಸಂಸ್ಥೆಯು ಡಾಟ್‌ನೆಟ್ ಎಂಬ ಹೊಸ ತಳಹದಿಯ ಮೇಲೆ ಬೇರೊಂದು ಭಾಷೆಯನ್ನು ಕಟ್ಟಿ, ಅದಕ್ಕೂ ವಿಷುಯಲ್ ಬೇಸಿಕ್ ಎಂದೇ ಹೆಸರಿಟ್ಟಿತು. ಗೊಂದಲದ ಮೂಲ ಇಲ್ಲಿದೆ.

ಅರ್ಥಭೇದವು ಎಂತಹದೆಂಬುದನ್ನು ಒಂದು ಕಲ್ಪಿತ ಉದಾಹರಣೆಯಿಂದ ನೋಡೋಣ. ಕಾಲೇಜೊಂದರ ಪರೀಕ್ಷಾ ವಿಭಾಗದಲ್ಲಿ ಅಂಕಗಳನ್ನು ಲೆಕ್ಕಹಾಕುವ ಹಳೆಯ ಪ್ರೋಗ್ರಾಂ ಇದೆಯೆನ್ನಿ. 33 ಅಂಕ ಪಡೆದವನಿಗೆ 2 ಕೃಪಾಂಕ ಸೇರಿಸಿ 35ಕ್ಕೆ ಏರಿಸುವ ಕೆಲಸವನ್ನು ಅದರ ಒಂದು ಉಪವಿಭಾಗವು ಮಾಡುತ್ತದೆ. ಹಳೆಯ ಭಾಷೆಯಲ್ಲಿ, ಬೇರೆ ಏನನ್ನೂ ಹೇಳದಿದ್ದರೆ, ಉಪವಿಭಾಗಕ್ಕೆ ಒಪ್ಪಿಸಿದ್ದು ಮೂಲ ಅಂಕವನ್ನೇ ಎಂದು ಅರ್ಥ. ಅಲ್ಲಿ ಮಾಡಿದ ತಿದ್ದುಪಡಿಯು ಮೂಲದಲ್ಲಿಯೂ ಆಗುವುದು. ಇದಕ್ಕೆ ‘ಬೈರೆಫ್’ ಎಂದು ಹೆಸರು. ಹೊಸ ಭಾಷೆಯಲ್ಲಿ ಏನನ್ನೂ ಹೇಳದಿದ್ದರೆ ‘ಬೈವ್ಯಾಲ್’ ಎಂದು, ಅಂದರೆ ಅಂಕದ ನಕಲನ್ನು ಮಾತ್ರ ಒಪ್ಪಿಸಿದೆಯೆಂದು ಅರ್ಥ. ಅದೇ ಸಾಲುಗಳನ್ನು ಹೊಸ ಭಾಷೆಗೆ ಎತ್ತಿ ಬರೆದರೆ ನಕಲು 35 ಆಗುವುದು, ಮೂಲವು 33 ಆಗಿಯೇ ಉಳಿಯುವುದು. ಯಂತ್ರವು ದೋಷವನ್ನು ತೋರಿಸದು; ಪಟ್ಟಿಯೂ ಅಂದವಾಗಿಯೇ ಮುದ್ರಿತವಾಗುವುದು. ತೇರ್ಗಡೆಯಾಗಬೇಕಾದ ವಿದ್ಯಾರ್ಥಿಯೊಬ್ಬನು ಮಾತ್ರ ಅನುತ್ತೀರ್ಣನಾಗುವನು.

ಎರಡನೆಯ ನಿದರ್ಶನ ‘ಇಂಟಿಜರ್’ ಎಂಬ ಶಬ್ದದ್ದು. ಪೂರ್ಣಾಂಕವನ್ನು ಸೂಚಿಸುವ ಈ ಶಬ್ದಕ್ಕೆ ಹಳೆಯ ವಿಷುಯಲ್ ಬೇಸಿಕ್‌ನಲ್ಲಿ 16 ಬಿಟ್‌ಗಳ ಅಳತೆ. 32,767ಕ್ಕಿಂತ ದೊಡ್ಡ ಸಂಖ್ಯೆ ಅದರಲ್ಲಿ ಹಿಡಿಸದು. ಡಾಟ್‌ನೆಟ್‌ನ ವಿಷುಯಲ್ ಬೇಸಿಕ್‌ನಲ್ಲಿಯೂ ಗ್ಯಾಂಬಾಸ್ ಭಾಷೆಯಲ್ಲಿಯೂ ಅದು 32 ಬಿಟ್. ಫ್ರೀಬೇಸಿಕ್ ಮತ್ತು ಝೋಜೊಗಳಲ್ಲಿ ಪ್ರೋಗ್ರಾಮನ್ನು ಯಾವ ಬಗೆಯ ಯಂತ್ರಕ್ಕಾಗಿ ಕಟ್ಟುತ್ತೇವೆಂಬುದನ್ನು ಅನುಸರಿಸಿ 32 ಅಥವಾ 64. ಹಳೆಯ ಪ್ರೋಗ್ರಾಂ ನೋಂದಣಿ ಸಂಖ್ಯೆ 101, ಅಂಕ 67 ಎಂದು ಎರಡು ಇಂಟಿಜರುಗಳನ್ನು ಕಡತದಲ್ಲಿ ಒತ್ತಟ್ಟಿಗೆ ಬರೆದಿಟ್ಟಿದ್ದರೆ, 32 ಬಿಟ್ಟಿನ ಇಂಟಿಜರ್ ಎರಡನ್ನೂ ಒಂದೇ ತುತ್ತಾಗಿ ಓದಿ 43,91,013 ಎಂಬ ಸಂಖ್ಯೆಯನ್ನು ಕೊಡುವುದು.

ಈ ನಿದರ್ಶನಗಳಿಂದ ದೋಷಗಳಲ್ಲಿ ಮೂರು ಬಗೆಯನ್ನು ಗುರುತಿಸಬಹುದು. ಯಂತ್ರವೇ ತಡೆಯುವ ದೋಷ ಮೊದಲನೆಯದು: ಹಳೆಯ ‘ವೇರಿಯಂಟ್’, ‘ಕರೆನ್ಸಿ’ ಎಂಬ ಬಗೆಗಳನ್ನು ಡಾಟ್‌ನೆಟ್‌ನ ಭಾಷೆ ಸ್ವೀಕರಿಸುವುದೇ ಇಲ್ಲ. ಕಣ್ಣಿಗೆ ಕಾಣುವ ದೋಷ ಎರಡನೆಯದು: 43 ಲಕ್ಷದ ನೋಂದಣಿ ಸಂಖ್ಯೆಯನ್ನು ಯಾವ ಗುಮಾಸ್ತನೂ ಒಪ್ಪಲಾರ. ಯಂತ್ರಕ್ಕೂ ಕಣ್ಣಿಗೂ ಕಾಣದ ದೋಷ ಮೂರನೆಯದು. ಕೃಪಾಂಕದ ಪ್ರಸಂಗ ಈ ಜಾತಿಗೆ ಸೇರಿದ್ದು. ಮಾರ್ಗಾಂತರವು ಸುಲಭವೆನ್ನುವವರು ಮೊದಲನೆಯ ಬಗೆಯ ದೋಷಗಳನ್ನಷ್ಟೇ ಎಣಿಸುತ್ತಾರೆ. ಭಾಷೆಗಳೆರಡು ಹೆಚ್ಚು ಹೋಲಿದಂತೆ ಮೊದಲನೆಯ ಬಗೆಯ ದೋಷ ಕಡಮೆಯಾಗುವುದು ನಿಜ. ಆದರೆ ಮೂರನೆಯ ಬಗೆಗೆ ಅವಕಾಶ ಹೆಚ್ಚುವುದೂ ಆ ಹೋಲಿಕೆಯಿಂದಲೇ.

ನ್ಯಾಯವಾಗಿ ಹೇಳಬೇಕಾದರೆ, ಮೈಕ್ರೋಸಾಫ್ಟ್ ಈ ಭೇದಗಳನ್ನು ಮರೆಮಾಡಲಿಲ್ಲ. ಹಳೆಯ ಪಠ್ಯವನ್ನು ಪರಿವರ್ತಿಸುವ ಸಾಧನವೊಂದನ್ನು ಅದು ಜೊತೆಗೆ ಕೊಟ್ಟಿತು. ಬೈರೆಫ್ ಇರಬೇಕಾದಲ್ಲಿ ಆ ಸಾಧನವು ಅದನ್ನು ಸ್ಪಷ್ಟವಾಗಿ ಬರೆಯುತ್ತಿತ್ತು, ಇಂಟಿಜರನ್ನು 16 ಬಿಟ್ಟಿನ ‘ಶಾರ್ಟ್’ ಆಗಿ ಬದಲಿಸುತ್ತಿತ್ತು. ಬಳಕೆದಾರರ ಆಕ್ಷೇಪಕ್ಕೆ ಮನ್ನಣೆಯೂ ದೊರಕಿತು: ‘ಟ್ರೂ’ ಎಂಬುದರ ಬೆಲೆಯನ್ನು -1ರಿಂದ 1ಕ್ಕೆ ಬದಲಿಸುವ ಯೋಚನೆಯನ್ನು 2001ರಲ್ಲಿ ಕೈಬಿಡಲಾಯಿತು. ಆದರೆ 2010ರ ಆವೃತ್ತಿಯಿಂದ ಮುಂದೆ ಪರಿವರ್ತನ ಸಾಧನವು ಬರಲಿಲ್ಲ. ಅದಿಲ್ಲದೆ ಕೈಯಿಂದ ಎತ್ತಿ ಬರೆಯುವವನಿಗೆ ಹೇಳಿದ ಅಪಾಯಗಳೆಲ್ಲವೂ ಎದುರಾಗುವುವು. 2005ರಲ್ಲಿ ಹಳೆಯ ಭಾಷೆಯನ್ನು ಮುಂದುವರಿಸಬೇಕೆಂದು ಅನೇಕ ಪ್ರೋಗ್ರಾಂಕಾರರು ಸಂಸ್ಥೆಗೆ ಮನವಿ ಸಲ್ಲಿಸಿದರು, ಅದು ಈಡೇರಲಿಲ್ಲ. 2008ರ ಏಪ್ರಿಲ್ 8ಕ್ಕೆ ಹಳೆಯ ರಚನಾ ಸಾಧನಕ್ಕೆ ಇದ್ದ ಬೆಂಬಲವು ಕೊನೆಗೊಂಡಿತು. ಅದರಲ್ಲಿ ಕಟ್ಟಿದ ಪ್ರೋಗ್ರಾಮುಗಳು ಈಗಿನ ವಿಂಡೋಸ್‌ನಲ್ಲಿಯೂ ನಡೆಯುತ್ತಿವೆಯೆಂಬುದನ್ನು ಮರೆಯಬಾರದು. ಹೊಸ ವಿಷುಯಲ್ ಬೇಸಿಕ್ಕಿಗೂ ಭಾಷೆಯಾಗಿ ಇನ್ನು ಬೆಳವಣಿಗೆಯಿಲ್ಲವೆಂದು 2020ರ ಮಾರ್ಚ್‌ನಲ್ಲಿ ಆ ಸಂಸ್ಥೆಯೇ ಪ್ರಕಟಿಸಿತು. ಆದಕಾರಣ ನವೀನತೆಯೊಂದನ್ನೇ ಕಾರಣವಾಗಿ ಮುಂದಿಡುವ ವಾದವು ದುರ್ಬಲವಾದುದು.

ಹೆಸರಿನ ವಿಷಯದಲ್ಲಿ ಇತರ ಭಾಷೆಗಳು ಹೆಚ್ಚು ಎಚ್ಚರದಿಂದ ನಡೆದುಕೊಂಡಿವೆ. ‘ಬಹುಮಟ್ಟಿಗೆ ಬೇಸಿಕ್’ ಎಂಬುದು ಗ್ಯಾಂಬಾಸ್ ತನ್ನ ಹೆಸರಿಗೆ ತಾನೇ ಕೊಟ್ಟುಕೊಂಡಿರುವ ವಿವರಣೆ. ಹಿಂದೆ ರಿಯಲ್‌ಬೇಸಿಕ್ ಎನಿಸಿಕೊಂಡಿದ್ದುದು 2013ರಲ್ಲಿ ಝೋಜೊ ಆಯಿತು. ಬೇಸಿಕ್ ಎಂಬ ಶಬ್ದ ಅದರ ಹೆಸರಿನಲ್ಲಿ ಉಳಿದಿಲ್ಲ. ಫ್ರೀಬೇಸಿಕ್ ಹಳೆಯ ಕ್ವಿಕ್‌ಬೇಸಿಕ್ಕಿನ ರೂಢಿಯನ್ನು ಪ್ರತ್ಯೇಕವಾಗಿ ಆರಿಸಿಕೊಳ್ಳುವ ಅವಕಾಶವನ್ನು ಇಟ್ಟಿದೆ. ಅಲ್ಲಿ ಮಾತ್ರ ಇಂಟಿಜರ್ 16 ಬಿಟ್. ಯಾವ ರೂಢಿ ಎಲ್ಲಿ ಎಂಬುದನ್ನು ಓದುಗನಿಗೆ ತಿಳಿಸಿಬಿಡುವ ಈ ಕ್ರಮವು ನಮಗೆ ಪ್ರಶಂಸನೀಯವಾಗಿ ತೋರುತ್ತದೆ.

ಇಷ್ಟಾದರೂ ಮಾರ್ಗಾಂತರವೇ ಬೇಡವೆಂಬುದು ನಮ್ಮ ಮತವಲ್ಲ. ಕನ್ನಡದಲ್ಲಿ ಕೆಲಸ ಮಾಡುವವರಿಗೆ ಅದಕ್ಕೆ ಬಲವಾದ ಕಾರಣವಿದೆ. ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲಿಯೇ, ಅಂದರೆ 1991ರಲ್ಲಿಯೇ, ಕನ್ನಡ ಲಿಪಿಗೆ ಸ್ಥಾನ ದೊರೆತಿದ್ದಿತು. ಹಳೆಯ ವಿಷುಯಲ್ ಬೇಸಿಕ್ ಒಳಗೆ ಅಕ್ಷರಗಳನ್ನು ಯೂನಿಕೋಡ್ ಆಗಿಯೇ ಇಟ್ಟುಕೊಂಡರೂ ಅದರ ಸ್ವಂತ ಪೆಟ್ಟಿಗೆ, ಪಟ್ಟಿಗಳು ಕನ್ನಡಕ್ಕೆ ಬದಲಾಗಿ ಪ್ರಶ್ನಾರ್ಥಕ ಚಿಹ್ನೆಗಳನ್ನು ತೋರಿಸುತ್ತಿದ್ದವು. ಇಂಗ್ಲಿಷ್ ಅಕ್ಷರಗಳ ಸಂಕೇತಸ್ಥಾನದಲ್ಲಿ ಕನ್ನಡದ ಅಕ್ಷರಭಾಗಗಳನ್ನು ಕೂರಿಸಿದ ಫಾಂಟುಗಳನ್ನು ಬಳಸಿದರೆ ಪರದೆಯಲ್ಲಿ ಕನ್ನಡ ಮೂಡುತ್ತಿತ್ತು. ಅಕಾರಾದಿಯಾಗಿ ಜೋಡಿಸಹೋದರೆ ಕ್ರಮವು ಕೆಡುತ್ತಿತ್ತು. ಯೂನಿಕೋಡನ್ನು ತೋರಿಸಬಲ್ಲ ಭಾಷೆಗೆ ಹೋಗುವುದರಿಂದ ಈ ಕೊರತೆ ನೀಗುವುದು. ಆದರೆ ಹಿಂದೆ ಹಾಗೆ ಬರೆದಿಟ್ಟ ಮಾಹಿತಿಯು ತಾನಾಗಿ ಯೂನಿಕೋಡ್ ಆಗದು. ಅದರ ಪರಿವರ್ತನೆ ಬೇರೆಯೇ ಕೆಲಸ.

ಗ್ರಂಥಸಂಪಾದಕನು ಪ್ರತಿಗಳನ್ನು ಎದುರುಬದುರಾಗಿಟ್ಟು ಪಾಠಾಂತರಗಳನ್ನು ಗುರುತಿಸುವಂತೆ ಇಲ್ಲಿಯೂ ನಡೆಯಬೇಕೆಂದು ನಾವು ಭಾವಿಸುತ್ತೇವೆ. ಹಳೆಯ ಪ್ರೋಗ್ರಾಂ ಕೊಟ್ಟ ಫಲಿತಾಂಶಗಳನ್ನು, ವಿಶೇಷವಾಗಿ 33, 34, 35ರಂತಹ ಗಡಿಯಂಕಗಳವನ್ನು, ಮೊದಲು ತೆಗೆದಿರಿಸಬೇಕು. ಬೈರೆಫ್, ಬೈವ್ಯಾಲ್‌ಗಳನ್ನೂ ಸಂಖ್ಯೆಗಳ ಅಳತೆಯನ್ನೂ ಪ್ರತಿಯೊಂದು ಕಡೆಯಲ್ಲಿಯೂ ಬಾಯಿಬಿಟ್ಟು ಹೇಳಬೇಕು. ಹೊಸ ಪ್ರೋಗ್ರಾಂ ಅದೇ ಫಲಿತಾಂಶಗಳನ್ನು ಕೊಡುವವರೆಗೆ ಹಳೆಯದನ್ನು ನಿಲ್ಲಿಸಕೂಡದು. ಇಷ್ಟಕ್ಕೆ ಸಮಯವಿಲ್ಲದವರು ಹಳೆಯ ಪ್ರೋಗ್ರಾಮಿನಲ್ಲಿಯೇ ಸದ್ಯಕ್ಕೆ ಮುಂದುವರಿಯುವುದು ಲೇಸು. ಅವಸರಕ್ಕೆ ತಕ್ಕಂತೆ ಮಾರ್ಗಾಂತರ ಮಾಡುವುದು ಯುಕ್ತವೇ. ಅಲ್ಲಿ ಆ ಶಬ್ದಕ್ಕೆ ಹಳೆಯ ಅರ್ಥವೇ ಇರಲಿ.