ಸೂಕ್ಷ್ಮಜೀವಿಶಾಲೆಯ ಉಪಕರಣಗಳು

ಗದಗಿನ ಸಮೀಪದ ಅಸುಂಡಿಯ ಎರೆಹೊಲದಲ್ಲಿ ಹಿಂಗಾರಿನ ಕಡಲೆಗಿಡವೊಂದನ್ನು ಮೆಲ್ಲನೆ ಕಿತ್ತು ನೋಡಿದರೆ, ಬೇರಿನ ಗಂಟುಗಳಲ್ಲಿ ವಾಯುವಿನ ಸಾರಜನಕವನ್ನು ಸಸ್ಯಾಹಾರವಾಗಿಸುವ ರೈಜೋಬಿಯಂ ವರ್ಗದ ಅಣುಜೀವಿಗಳು ನೆಲಸಿರುತ್ತವೆ. ಈ ಉಪಕಾರಿಗಳನ್ನು ಶುದ್ಧರೂಪದಲ್ಲಿ ಬೇರ್ಪಡಿಸಿ, ಪೋಷಿಸಿ, ಒಕ್ಕಲಿಗನ ಕೈಗೆ ಮರಳಿಸುವ ಮಹತ್ಕಾರ್ಯವು, 1986ರಲ್ಲಿ ಸ್ಥಾಪಿತವಾದ ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿರುವಂತಹ ಸೂಕ್ಷ್ಮಜೀವಿಶಾಲೆಗಳದು.

ಅಲ್ಲಿನ ಒಂದೊಂದು ಉಪಕರಣವೂ ಶುಚಿತ್ವದ ವ್ರತವನ್ನು ಹಿಡಿದಿದೆ. ಒತ್ತಡದ ಉಗಿಯನ್ನು ಒಡಲಲ್ಲಿರಿಸಿಕೊಂಡ ಆಟೋಕ್ಲೇವ್ 121 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಮಾರು 15 ನಿಮಿಷ ಜೀವಾಣುಗಳ ಪೋಷಕ ಪಾಕವನ್ನು ನಿರ್ಜೀವಾಣುಗೊಳಿಸಿದ ತರುವಾಯ, ಶೋಧಿತ ವಾಯು ಸಮಪ್ರವಾಹವಾಗಿ ಬೀಸುವ ಲ್ಯಾಮಿನಾರ್ ಪೀಠದ ಮುಂದೆ ಕುಳಿತ ಸಂಶೋಧಕರು, ಜ್ವಾಲೆಯಲ್ಲಿ ಕೆಂಪಗೆ ಕಾದು ತಣಿದ ತಂತಿಯ ಕುಣಿಕೆಯಿಂದ, ಜರ್ಮನಿಯ ಪೆಟ್ರಿ 1887ರಲ್ಲಿ ವಿವರಿಸಿದ ಆ ಗಾಜಿನ ತಟ್ಟೆಯ ಅಗರ್ ಪಾಕದ ಮೇಲೆ ಜೀವಾಣುಗಳನ್ನು ಗೆರೆಗೆರೆಯಾಗಿ ಹರಡುವರು. ಸುಮಾರು 28 ಡಿಗ್ರಿಯ ಇನ್‌ಕ್ಯುಬೇಟರಿನಲ್ಲಿ ಕೆಲವು ದಿನ ಕಳೆಯಲು, ಪಾಕದಲ್ಲಿ ಬೆರೆಸಿದ ಕಾಂಗೊ ರೆಡ್ ಬಣ್ಣವನ್ನು ಬಹುಮಟ್ಟಿಗೆ ಹೀರದ ರೈಜೋಬಿಯಂ ಬಿಳುಪಾದ ಬಿಂದುಗಳಾಗಿ ಮೈದೋರುತ್ತದೆ.

ಫರ್ಮೆಂಟರಿನಲ್ಲಿ ವೃದ್ಧಿಗೊಂಡು ಲಿಗ್ನೈಟ್ ಪುಡಿಯಲ್ಲಿ ಬೆರೆತ ಈ ಜೀವಸಾರವನ್ನು, ಹಾಲಿಗೆ ಹೆಪ್ಪಿಡುವಷ್ಟೇ ಎಚ್ಚರದಿಂದ, ಬೆಲ್ಲದ ನೀರಿನೊಡನೆ ಬೀಜಕ್ಕೆ ಲೇಪಿಸಿ, ನೆರಳಿನಲ್ಲಿ ಆರಿಸಿ ಬಿತ್ತಬೇಕು. ರಾಸಾಯನಿಕ ಗೊಬ್ಬರದ ವೆಚ್ಚವನ್ನು ತಗ್ಗಿಸಿ ನೆಲದ ಸತ್ತ್ವವನ್ನು ಕಾಯುವ ಇಂತಹ ಶಾಲೆಗಳನ್ನು ಸುಸ್ಥಿತಿಯಲ್ಲಿಡುವುದು, ಮಳೆಯನ್ನೇ ನಂಬಿದ ಈ ಸೀಮೆಗೆ ನಾವು ಸಲ್ಲಿಸಬೇಕಾದ ಕರ್ತವ್ಯ.