ಎತ್ತರದ ಕೋಣೆ, ಮೂಕವಾದ ಊರು

ಸೋಫಿಯಾ ಕೊಪೊಲಾ ನಿರ್ದೇಶನದ ‘ಲಾಸ್ಟ್ ಇನ್ ಟ್ರಾನ್ಸ್‌ಲೇಷನ್’ (2003) ಬಹುಪಾಲು ನಡೆಯುವುದು ಟೋಕಿಯೊದ ಪಾರ್ಕ್ ಹಯಾಟ್ ಹೋಟೆಲಿನಲ್ಲಿ. ವಿಸ್ಕಿ ಜಾಹೀರಾತಿಗಾಗಿ 20 ಲಕ್ಷ ಡಾಲರಿಗೆ ಒಪ್ಪಿ ಬಂದ ಅಮೆರಿಕದ ನಟ ಬಾಬ್‌ಗೆ (ಬಿಲ್ ಮುರ್ರೆ) ಅಲ್ಲಿ ಎಲ್ಲವೂ ಇದೆ, ನಿದ್ದೆಯೊಂದಿಲ್ಲ. ಹಾಸಿಗೆಯ ಅಂಚಿನಲ್ಲಿ ಸುಮ್ಮನೆ ಕುಳಿತ ಬಾಬ್, ಹೊತ್ತಲ್ಲದ ಹೊತ್ತಿನಲ್ಲಿ ಮನೆಯಿಂದ ಬರುವ ಫ್ಯಾಕ್ಸ್, ಕಿಟಕಿಯ ಬಳಿ ಒಂಟಿಯಾಗಿ ಕೂರುವ ಷಾರ್ಲೆಟ್ - ವೈಭವವು ಒಂಟಿತನಕ್ಕೆ ಮದ್ದಲ್ಲ ಎಂಬುದನ್ನು ಚಿತ್ರ ಹೆಚ್ಚು ಮಾತಿಲ್ಲದೆ ಹೇಳುತ್ತದೆ. ಅದರ ಚಿತ್ರಕಥೆಗೆ ಆಸ್ಕರ್ ಸಂದದ್ದು ನ್ಯಾಯವೇ.

ಆದರೆ ಆತಿಥೇಯರ ಪಾಡೇನು? ಜಾಹೀರಾತಿನ ನಿರ್ದೇಶಕ ಜಪಾನಿಯಲ್ಲಿ ಉದ್ದಕ್ಕೆ ಮಾತಾಡುತ್ತಾನೆ; ದುಭಾಷಿ ಒಂದೇ ಸಾಲಿನಲ್ಲಿ ಮುಗಿಸುತ್ತಾಳೆ. ಅಡಿಬರಹವೂ ಇಲ್ಲ. ಬಾಬ್‌ನ ಗೊಂದಲ ನಮಗೂ ತಟ್ಟಲಿ ಎಂಬ ಉದ್ದೇಶವನ್ನು ಒಪ್ಪೋಣ. ಆದರೆ ಜಪಾನಿಯರ ಉಚ್ಚಾರಣೆ, ಗಿಡ್ಡ ಮೈಕಟ್ಟು ಕೂಡ ನಗೆಯ ಸರಕಾದಾಗ ಆ ಸಮರ್ಥನೆ ನಿಲ್ಲುವುದಿಲ್ಲ. ತಲೆಬಾಗಿ ಸ್ವಾಗತಿಸುವ ಹೋಟೆಲ್ ಸಿಬ್ಬಂದಿಗೂ ನಿದ್ದೆಗೆಟ್ಟ ರಾತ್ರಿಗಳು, ಅವರದೇ ಒಂಟಿತನ ಇರಬಹುದೆಂದು ಚಿತ್ರಕ್ಕೆ ತೋಚುವುದೇ ಇಲ್ಲ. ಭಾಷೆ ಬಾರದವನು ಅತಿಥಿ. ಮೂಕರಾದದ್ದು ಮಾತ್ರ ಮನೆಯವರು!

ತಮ್ಮ ನುಡಿ, ಉಡುಪು, ಚಹರೆಗಳನ್ನು ಪರರ ಚಿತ್ರಗಳಲ್ಲಿ ತಮಾಷೆಯಾಗಿ ಕಂಡು ನೊಂದವರಿಗೆ ಈ ಕೊರತೆ ಬೇಗ ಕಾಣುತ್ತದೆ. ಚಿತ್ರ ಇಷ್ಟವಾದರೂ ನೋವು ಉಳಿಯುತ್ತದೆ.